ಕಾಣೆಯಾದ ಕರಾರು ಪುಸ್ತಕ

೧೮೨೬ನೇ ಇಸವಿ ಏಪ್ರಿಲ್ ೧೧, ಮಂಗಳವಾರ, ಬೆಳಿಗ್ಗೆ ಏಳೂವರೆ. ಇಲಿನಾಯ್ ಸೀಮೆಯ ಹಾರ್ನ್‌ಬೀಮ್ ಊರಿನ ಶೆರಿಫ್ ಲೆವೈ ಬ್ರಾಕೆಟ್ ಜೋಳದ ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ಕೋರ್ಟಿನ ಗುಮಾಸ್ತ ಸೈಲಸ್ ಪ್ರೂಯಿಟ್ ಏದುಸಿರು ಬಿಡುತ್ತ ಒಳಗೆ ಬಂದ.

"ಕರಾರು ಪುಸ್ತಕ ಕಾಣ್ತಿಲ್ಲ, ಶೆರಿಫ್ ಸಾಹೇಬ್ರೆ. ಪೆಟ್ಟಿಗೆ ಬೀಗ ಹಾಕಿದ್ದು ಹಾಕ್ದಂಗೇ ಇದೆ."

"ಕೊನೇ ಸಲ ಯಾವಾಗ ನೋಡಿದ್ದು?"

"ಶನಿವಾರ ಸಾಯಂಕಾಲ ನಾಲ್ಕಕ್ಕೆ. ಭಾನುವಾರ ಪ್ರವಚನಕ್ಕೆ ಹೋಗಿದ್ದೆ, ಊರಿಗೂರೇ ಹೋಗಿತ್ತಲ್ಲ. ನಿನ್ನೆ ಜ್ವರ, ಮಲಗಿಬಿಟ್ಟೆ."

ಬ್ರಾಕೆಟ್ ದೂರು ಬರೆದುಕೊಂಡು ಸಹಿ ಹಾಕಿಸಿದ. ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಈ ಸೀಮೆಯಲ್ಲಿ ಗುಲಾಮಗಿರಿ ಇಲ್ಲವೆಂದು ಕಾನೂನು ಹೇಳುತ್ತಿತ್ತು. ಆದರೆ ಕರಿಯ ಜನರನ್ನು ತೊಂಬತ್ತು ವರ್ಷದ ಜೀತಕ್ಕೆ 'ಅವರ ಒಪ್ಪಿಗೆಯಿಂದ' ಬರೆಸಿಕೊಳ್ಳಲು ಅಡ್ಡಿಯಿರಲಿಲ್ಲ. ಆ ಬರಹಗಳೆಲ್ಲ ಇದ್ದದ್ದು ಕಳೆದ ಪುಸ್ತಕದಲ್ಲಿ. ಮುಂದಿನ ಸೋಮವಾರವೇ ಹದಿನೇಳು ವರ್ಷದ ಡಾರ್ಕಸ್‌ಳ ಮೊಕದ್ದಮೆ. ಅವಳ ತಾಯಿ ಫೀಬಿ, ಉಪ್ಪು ಕಾಯಿಸುವ ಭಟ್ಟಿಗಳ ಧಣಿ ಹಾರ್ಮನ್ ಗ್ರೀರನ ಬಳಿ ಜೀತಕ್ಕಿದ್ದು ಸತ್ತವಳು. ಜೀತದವಳ ಮಗಳು ಇಪ್ಪತ್ತೆಂಟರ ತನಕ ತನ್ನವಳೇ ಎಂದು ಗ್ರೀರನ ವಾದ. ಕೈಗೆ ಸಿಕ್ಕರೆ ನದಿ ದಾಟಿಸಿ, ಗುಲಾಮಗಿರಿ ಇರುವ ದಕ್ಷಿಣಕ್ಕೆ ಮಾರುತ್ತಾನೆಂದು ಊರಿಗೆಲ್ಲ ಗೊತ್ತು. ಅಲ್ಲಿಗೆ ಹೋದವರು ಬಂದದ್ದಿಲ್ಲ.

ಎಂಟು ಗಂಟೆಗೆ ಬ್ರಾಕೆಟ್ ಸಹಾಯಕ ಓರಿನ್‌ನೊಂದಿಗೆ ಹೋಗಿ, ಕಮ್ಮಾರನನ್ನೂ ಬಡಗಿಯನ್ನೂ ಪಂಚರನ್ನಾಗಿ ಕರೆಸಿ ಪಂಚನಾಮೆ ಮಾಡಿದ. ಓಕ್ ಮರದ ಪೆಟ್ಟಿಗೆ ಒಂದು. ಬೀಗ, ಕೀಲು ಸರಿಯಿವೆ. ಗೀರು ಬಿದ್ದಿಲ್ಲ. ತೆರಿಗೆ ಪುಸ್ತಕ, ಜಮೀನು ಪುಸ್ತಕ ಇವೆ. ಕರಾರು ಪುಸ್ತಕವಿಲ್ಲ.

ಪಂಚರು ಸಹಿ ಹಾಕುತ್ತಿರುವಾಗಲೇ ಗ್ರೀರ್ ಬಂದು ಬಾಗಿಲಿಗೆ ಅಡ್ಡ ನಿಂತ.

"ಇನ್ಯಾವನು ಕದೀತಾನೆ? ಡಾರ್ಕಸ್‌ಳ ಗಂಡ, ಆ ದೋಣಿಯವನು ಈಲಮ್. ಬೆನ್ನ ಮೇಲೆ ನಾಲ್ಕು ಬೀಳಲಿ, ತಾನಾಗೇ ಕಕ್ತಾನೆ."

"ಮೊದಲು ಕೇಳೋಣ," ಎಂದ ಬ್ರಾಕೆಟ್.

ಹನ್ನೊಂದಕ್ಕೆ ಕಡವಿನಲ್ಲಿ ಈಲಮ್ ಸಿಕ್ಕ.

"ಭಾನುವಾರ ಎಲ್ಲಿದ್ದೆ?"

"ದೋಣಿ ಮೇಲೆ, ಧಣಿ. ಪ್ರವಚನಕ್ಕೆ ಬಂದೋರ್ನ ದಾಟಿಸ್ತಿದ್ದೆ, ಕತ್ತಲಾಗೋ ತನಕ."

"ಸಾಕ್ಷಿ?"

"ನಿಮ್ಮ ಮನೇಯವ್ರನ್ನೇ ಎರಡು ಸಲ ದಾಟ್ಸಿದೀನಿ."

ಓರಿನ್ ಕಿಸಕ್ಕನೆ ನಕ್ಕ. ಬ್ರಾಕೆಟ್ ನಗಲಿಲ್ಲ.

"ಪುಸ್ತಕ ಹೋಯ್ತು. ಖುಷಿ ಆಯ್ತಾ?"

"ನಂಗೆ ಓದಕ್ಕೆ ಬರಲ್ಲ, ಧಣಿ. ಅದು ಇದ್ರೂ ನೀವು ಹೇಳಿದ್ದೇ, ಹೋದ್ರೂ ನೀವು ಹೇಳಿದ್ದೇ."

ಬುಧವಾರವಿಡೀ ಹೇಳಿಕೆಗಳನ್ನು ತಾಳೆ ನೋಡಿದ. ಈಲಮ್ ಹೇಳಿದ್ದು ನಿಜ. ಸಂಜೆ ಗುಮಾಸ್ತನನ್ನು ಮತ್ತೆ ಕೂರಿಸಿಕೊಂಡ.

"ಬೀಗದ ಕೈ ಎಷ್ಟು?"

"ಒಂದೇ. ಸೊಂಟದಲ್ಲೇ ಇರುತ್ತೆ."

"ಪೆಟ್ಟಿಗೆ ಮಾಡಿಸಿದ್ದು ಯಾರು?"

"ಇಲ್ಲಿ ಮಾಡಿಸಿದ್ದಲ್ಲ. ಹಳೇ ಜಡ್ಜ್ ಸಾಹೇಬ್ರು ಬೆಟ್ಟದ ಆಚೆಯಿಂದ, ಬೀಗ, ಕೈ ಸಮೇತ..." ಪ್ರೂಯಿಟ್‌ನ ಮಾತು ಅಲ್ಲಿಗೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹಳೇ ಜಡ್ಜ್ ಜೋಥಮ್ ವಿಂಚೆಲ್ ೧೮೦೫ರಲ್ಲಿ ಚಪ್ಪಟೆ ದೋಣಿಯಲ್ಲಿ ಬಂದಿಳಿದಾಗ ಊರಲ್ಲಿ ಆರು ಗುಡಿಸಲಿದ್ದವು. ಸಿಕಮೋರ್ ಮರದಡಿ ದಿಮ್ಮಿಗಳ ಮೇಲೆ ಜೂರಿಗಳನ್ನು ಕೂರಿಸಿ ನ್ಯಾಯ ಹೇಳಿದವರು. ಹೊಳೆ ತುಂಬಿದರೆ ಕಾನೂನಿನ ಪುಸ್ತಕ ನೆತ್ತಿಗೆ ಕಟ್ಟಿಕೊಂಡು ಈಜಿ, ಒದ್ದೆ ಬಟ್ಟೆಯಲ್ಲೇ ಕಲಾಪ ಶುರುಮಾಡಿದವರು. ಇಬ್ಬರನ್ನು ನೇಣಿಗೇರಿಸಿದರು, ಎರಡು ಸಲವೂ ತಾವೇ ಹೋಗಿ ಎದುರು ನಿಂತರು. ಹೀಗೆ ಹದಿನೆಂಟು ವರ್ಷ. ದನ ಕಾಯುತ್ತಿದ್ದ ಬ್ರಾಕೆಟ್‌ಗೆ ಅಕ್ಷರ ಕಲಿಸಿ, ಶೆರಿಫ್ ಆಗುವವರೆಗೆ ಕೈಹಿಡಿದವರೂ ಅವರೇ.

ಗುರುವಾರ ಹತ್ತು ಗಂಟೆಗೆ ಅವರ ಹಿತ್ತಲಿಗೆ ಹೋದ. ಜಡ್ಜರ ವಿಧವೆ ತಂಗಿ ಟಾಬಿತಾ ಸಾಬೂನಿನ ಕ್ಷಾರ ಇಳಿಸಲು ಒಲೆಯ ಬೂದಿ ತುಂಬಿದ ಪೀಪಾಯಿಗೆ ನೀರು ಹೊಯ್ಯುತ್ತಿದ್ದಳು. ಬ್ರಾಕೆಟ್ ಕೋಲಿನಿಂದ ಬೂದಿ ಕೆದಕಿದ. ಕಪ್ಪಗಾದ ಹಿತ್ತಾಳೆಯ ಕೊಕ್ಕೆ ಎರಡು ಸಿಕ್ಕವು, ದಪ್ಪ ಪುಸ್ತಕಗಳ ರಟ್ಟಿಗಿರುವಂಥವು.

ಒಳಗಿಂದ ದನಿ ಬಂತು. "ಲೆವೈ, ಪಂಚರನ್ನ ಕರ್ಕೊಂಡು ಬಂದಿದೀಯಾ?"

"ಇಲ್ಲ, ಸಾಹೇಬ್ರೆ."

"ತಪ್ಪು. ಕರೆಸು. ಆಮೇಲೆ ಕೆದಕು."

ಕರೆಸಿದ. ಕೊಕ್ಕೆಗಳು ಪಂಚನಾಮೆ ಸೇರಿದವು. ಎಪ್ಪತ್ತೆರಡರ ಮುದುಕರು ಎರಡನೇ ಬೀಗದ ಕೈಯನ್ನು ತಾವೇ ಮೇಜಿನ ಮೇಲಿಟ್ಟರು.

"ಭಾನುವಾರ ಮಧ್ಯಾಹ್ನ. ನಾನೊಬ್ಬನೇ. ತಂಗಿಗೆ ಗೊತ್ತಿಲ್ಲ. ಬರ್ಕೋ."

"ಕೋರ್ಟಿಗೆ ಬಂದು ಹೇಳಬಹುದಿತ್ತಲ್ಲ, ಸಾಹೇಬ್ರೆ?"

"ಈಗಿನ ಜಡ್ಜ್ ಹತ್ರ ಹೋಗಿ, ಫೀಬೀ ಕರಾರು ಸರಿಯಿಲ್ಲ ಅಂತ ಹೇಳ್ದೆ. ಬರೆದದ್ದನ್ನ ಬಾಯಿಮಾತು ಅಳಿಸಲ್ಲ ಅಂದ. ಸರಿಯಾಗೇ ಅಂದ." ಅವರು ಮುಂದೆ ಬಾಗಿದರು. "ಹೋಗ್ಲಿ. ಹುಡುಗಿ ಬಚಾವಾದ್ಲು ತಾನೆ?"

ಬ್ರಾಕೆಟ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಗ್ರೀರ್ ಇವತ್ತು ಬೆಳಿಗ್ಗೆ ಆ ಕರಾರಿನ ನಕಲು ತಂದು ತೋರಿಸ್ದ."

"ಯಾರ ಸಹಿ?"

"ನಿಮ್ದೇ. ಸಾವಿರದ ಎಂಟ್ನೂರ ಎಂಟನೇ ಇಸ್ವೀದು."



"ನಕಲು ನಡೆಯಲ್ಲ ಅಂತ ವಾದಿಸೋಕೆ ಆಗಲ್ವಾ?" ಬ್ರಾಕೆಟ್ ಪಾಠ ಕೇಳುವವನಂತೆ ಕೇಳಿದ.

"ಮೂಲ ಕಳೆದ್ರೆ ಸಹಿಯಾದ ನಕಲೇ ಮೂಲ. ಹದಿನೈದನೇ ಇಸ್ವಿ, ಜಮೀನಿನ ವ್ಯಾಜ್ಯ. ತೀರ್ಪು ನಂದೇ." ಅವರು ಕೋಟು ತೊಟ್ಟುಕೊಂಡರು. ತೋಳು ಸಿಗದೆ ತಡವರಿಸಿದಾಗ ಬ್ರಾಕೆಟ್ ಹಿಡಿದುಕೊಂಡ. ದಸ್ತಗಿರಿ, ಮಧ್ಯಾಹ್ನ ಹನ್ನೆರಡು ಹತ್ತು.

ಸೋಮವಾರ ಕೋರ್ಟು ನಕಲನ್ನು ಒಪ್ಪಿತು. ವಿಚಾರಣೆ ಮುಗಿಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಗ್ರೀರ್ ಡಾರ್ಕಸ್‌ಳನ್ನು ನದಿ ದಾಟಿಸಿದ. ಈಲಮ್‌ನನ್ನು ಅಷ್ಟು ಹೊತ್ತು ಹಿಡಿದು ನಿಲ್ಲಿಸಬೇಕಾದದ್ದು ಓರಿನ್‌ನ ಕೆಲಸವಾಯಿತು.

ಆ ಮಧ್ಯಾಹ್ನ ಬ್ರಾಕೆಟ್ ಲಾಕಪ್ಪಿನಲ್ಲಿ ಕೂತು ಆರೋಪಿಯ ಹೇಳಿಕೆ ಬರೆದುಕೊಂಡ. ಎಲ್ಲ ಮುಗಿದು ಕಾರಣವೊಂದು ಉಳಿದಿತ್ತು.

"ಕಾನೂನಿನ ಪ್ರಕಾರ ಜೀತಕ್ಕೆ ಬರೋಳು ನನ್ನ ಮುಂದೆ ಒಪ್ಪಬೇಕು," ಎಂದರು ವಿಂಚೆಲ್. "ಫೀಬೀನ ಮೂರು ಸಲ ಕೇಳ್ದೆ, ತೊಂಬತ್ತು ವರ್ಷಕ್ಕೆ ಒಪ್ಪಿದೀಯಾ ಅಂತ. ಗ್ರೀರನ ಕಡೆ ನೋಡಿದ್ಲು. ನನ್ನ ಕಡೆ ನೋಡಿದ್ಲು. ಬಾಯಿ ಬಿಡಲಿಲ್ಲ. ಮೌನ ಅಂದ್ರೆ ಸಮ್ಮತಿ ಅಂದ್ಕೊಂಡೆ. ಇಲ್ಲ, ಅಂದ್ಕೊಳ್ಳಲೂ ಇಲ್ಲ. ಊಟದ ಹೊತ್ತಾಗಿತ್ತು. 'ಒಪ್ಪಿದ್ದಾಳೆ' ಅಂತ ಬರೆದೆ."

"ಇಷ್ಟೇನಾ, ಸಾಹೇಬ್ರೆ?"

"ಇಷ್ಟೇ. ಒಂದ್ಸಲ ಓದಿ ಹೇಳು. ಕೇಳಿಸ್ಕೊಂಡು ಸಹಿ ಹಾಕ್ತೀನಿ."