ಶನಿವಾರದ ರೋಗಿ

“ಅಯ್ಯೋ ಯವ್ವಾ... ಎದಿಮ್ಯಾಲ ಕಲ್ಲು ಇಟ್ಟಂಗ ಆಗ್ಲಾಕತ್ತದ! ಸಿಸ್ಟರ್, ನನ್ನ ಬಿಟ್ಟು ಹೋಗಬ್ಯಾಡ್ರಿ...”

ಆ ಗಂಡಸು ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಶಿವಗಂಗಾಳ ಜೀವ ಝಲ್ಲೆಂದಿತು.

ಇದು ಬರೀ ಅಭ್ಯಾಸದ ಪರೀಕ್ಷೆ ಅಂತ ಆಕೆಗೆ ಗೊತ್ತಿತ್ತು. ಮಂಚದ ಮೇಲಿರುವವನು ರೋಗಿಯಲ್ಲ, ರೋಗಿಯಂತೆ ನಟಿಸಲು ಕಾಲೇಜಿನವರು ಕರೆಸಿದ ಕಲಾವಿದ ಅಂತಲೂ ಗೊತ್ತಿತ್ತು. ಆದರೂ... ಹೈದರಾಬಾದಿನ ಈ ಕಾಲೇಜಿನಲ್ಲಿ ದಿನವಿಡೀ ತೆಲುಗು, ಹಿಂದಿ ಕೇಳಿದ ಕಿವಿಗೆ ಒಮ್ಮೆಲೇ ಬಿದ್ದ ಆ ಕನ್ನಡ! ಲಿಂಗಸೂಗೂರು ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದು, ಮಿಯಾಪುರದಲ್ಲಿ ಅದೆಷ್ಟೋ ಅಪಾರ್ಟ್‌ಮೆಂಟುಗಳ ಗೋಡೆ ಎಬ್ಬಿಸಿದ ಆಕೆಯ ಅಪ್ಪ, ಮೈ ನೊಂದಾಗ ಹೀಗೇ ನರಳುತ್ತಿದ್ದ.

“ಎಲ್ಲೂ ಹೋಗಂಗಿಲ್ರಿ, ಇಲ್ಲೇ ಅದೀನಿ. ಉಸರು ನಿಧಾನಕ ತಗೋರಿ.”

ಮುಂದಿನದೆಲ್ಲ ಕೈಗಳೇ ಮಾಡಿದವು. ಬಿಪಿ ನೋಡಿದವು, ಇಸಿಜಿ ಹಚ್ಚಿದವು, ಸೂಜಿ ಚುಚ್ಚಲು ನರ ಹುಡುಕಿದವು. ಹನ್ನೊಂದು ವರ್ಷ ಐಸಿಯುನಲ್ಲಿ ದುಡಿದ ಕೈಗಳು ಅವು!

ಮೂಲೆಯಲ್ಲಿ ಕುಳಿತಿದ್ದ ಅಧ್ಯಾಪಕಿ ಸ್ನೇಹಲತಾ ಮೇಡಂ ತೆಲುಗಿನಲ್ಲಿ ಕೇಳಿದರು. “ಸರಿ, ಈಗ ಏನು ಮಾಡ್ತೀಯ?”

“ಡ್ಯೂಟಿ ಡಾಕ್ಟರಿಗೆ ತಿಳಿಸ್ತೀನಿ ಮೇಡಂ.”

“ಏನಂತ?”

“ಎದೆನೋವು ಅಂತಿದ್ದಾರೆ ಸರ್, ಇಸಿಜಿ ಸ್ವಲ್ಪ ನೋಡ್ತೀರಾ... ಅಂತ.”

“ಇಸಿಜಿ ನಿನ್ನ ಕೈಯಲ್ಲೇ ಇದೆಯಲ್ಲ. ನೀನೇನು ಅಂತೀಯ?”

ಗೊತ್ತಿತ್ತು! ಹೃದಯಾಘಾತ ಅಂತ ಆ ಗೆರೆಗಳು ಕೂಗಿ ಹೇಳುತ್ತಿದ್ದವು. ಆದರೆ ಅದನ್ನು ತನ್ನ ತೀರ್ಮಾನವೆಂದು ಆಡಲು ಬಾಯಿ ಬರಲಿಲ್ಲ. ಒಂದು ನಿಮಿಷ... ಎರಡು ನಿಮಿಷ...

ರೋಗಿ ಮೆಲ್ಲಗೆ ಒಂದು ಕಣ್ಣು ತೆರೆದ.

“ಸಿಸ್ಟರ್, ನಾ ಸತ್ತೆನ್ರಿ.”

ಪರದೆಯ ಆಚೆ ಸರದಿಗೆ ಕಾಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಶಿವಗಂಗಾಳ ಮುಖ ಕೆಂಪಾಯಿತು!

ಮೂವತ್ನಾಲ್ಕರ ಈ ವಯಸ್ಸಿನಲ್ಲಿ ಆಕೆ ಮತ್ತೆ ಪುಸ್ತಕ ಹಿಡಿದದ್ದು ನರ್ಸ್ ಪ್ರಾಕ್ಟಿಷನರ್ ಆಗಬೇಕೆಂದು. ಎರಡು ವರ್ಷದ ಪಿಜಿ. ಅನುಭವಿ ನರ್ಸುಗಳು ರೋಗಿಯನ್ನು ತಾವೇ ಪರೀಕ್ಷಿಸಿ, ನಿಯಮಗಳ ಒಳಗೆ ಚಿಕಿತ್ಸೆಯ ತೀರ್ಮಾನವನ್ನೂ ತಾವೇ ಮಾಡುವುದನ್ನು ಕಲಿಯುವ ಓದು. ಪುಸ್ತಕ ಕಷ್ಟವಾಗಲಿಲ್ಲ. ಕಷ್ಟವಾದದ್ದು ಹಳೆಯ ಅಭ್ಯಾಸ. ಗೊತ್ತಿದ್ದುದನ್ನೂ ಪ್ರಶ್ನೆಯ ಹಾಗೆ ಹೇಳುವುದು. “ಸರ್, ಪೊಟ್ಯಾಸಿಯಂ ಒಮ್ಮೆ ನೋಡೋಣ್ವಾ?” “ಸರ್, ಈ ಡೋಸ್ ಸರಿ ಇದೆಯಾ?” ಇಷ್ಟು ವರ್ಷ ಆಕೆಯ ಜಾಣತನವೆಲ್ಲ ಹೀಗೆ ಪ್ರಶ್ನೆಯ ಸೆರಗು ಹೊದ್ದೇ ಓಡಾಡಿತ್ತು.

“ಡಾಕ್ಟರಿಗೆ ತಿಳಿಸಬೇಡ ಅನ್ನಲ್ಲ,” ಮೇಡಂ ಹೊರಗೆ ಬಂದು ಹೆಗಲು ತಟ್ಟಿದರು. “ಆದರೆ ತೀರ್ಮಾನ ತಿಳಿಸು, ಪ್ರಶ್ನೆಯನ್ನಲ್ಲ. ಕೊನೆಯ ಪರೀಕ್ಷೆಯಲ್ಲೂ ಹೀಗೇ ನಿಂತರೆ ಫೇಲ್ ಮಾಡ್ತಾರೆ ಗಂಗಾ. ಮತ್ತೆ ಹಳೇ ವಾರ್ಡು, ಹಳೇ ‘ನೋಡ್ತೀರಾ ಸರ್’.”

ಕ್ಯಾಂಟೀನಿನಲ್ಲಿ ಆ ‘ಸತ್ತ’ ರೋಗಿ ಎರಡು ಚಹಾ ಹಿಡಿದು ಎದುರಿಗೆ ಬಂದು ನಿಂತ.

“ತಪ್ಪಾಯ್ತ್ರಿ. ನಾ ಮಿಲಿಂದ, ಬೀದರದಾಂವ. ತೆಲುಗು ಸೀರಿಯಲ್ಲಿಗೆ ಕನ್ನಡ ಮಾತು ಬರೀತೀನಿ, ಡಬ್ಬಿಂಗೂ ಮಾಡ್ತೀನಿ. ಸ್ಟುಡಿಯೋದಾಗ ದಿನಾ ಸಾಯ್ತೀನಿ, ಶನಿವಾರ ಇಲ್ಲಿ ಬಂದು ಸಾಯ್ತೀನಿ.”

“ಇವತ್ತ ಭಾಳ ಅವಸರ ಮಾಡಿ ಸತ್ತ್ರಿ ನೀವು!” ಆಕೆ ರೇಗಿದಳು.

“ನೀವು ಮಾತಾಡವಲ್ರಿ! ಎಷ್ಟಂತ ನರಳ್ಲಿ? ನಂದೂ ಗಂಟಲು ಅಲ್ಲೇನ್ರಿ?”

ಸಿಟ್ಟಿನ ನಡುವೆಯೇ ಆಕೆಗೆ ನಗು ಬಂದುಬಿಟ್ಟಿತು... ಹಾಳಾದ ನಗು!

ಅಂದಿನಿಂದ ಶನಿವಾರಗಳ ಬಣ್ಣವೇ ಬದಲಾಯಿತು. ತರಗತಿ ಮುಗಿದ ಮೇಲೆ ಇಬ್ಬರೂ ಮೆಟ್ರೊ ನಿಲ್ದಾಣದ ತನಕ ನಡೆದು ಬರುವರು. ಆಕೆಯ ಮನೆ ಮಿಯಾಪುರದಲ್ಲಿ, ಅವನ ಕೋಣೆ ದಿಲ್‌ಸುಖ್‌ನಗರದಲ್ಲಿ. ಒಂದು ಈ ಕಡೆ, ಇನ್ನೊಂದು ಆ ಕಡೆ. ಆದರೂ ಅವನು ಪ್ರತಿ ಸಲ ಮಿಯಾಪುರದ ರೈಲನ್ನೇ ಹತ್ತುವನು.

“ಆ ಕಡಿ ಒಂದಿಷ್ಟು ಕೆಲಸ ಅದರಿ,” ಅನ್ನುವನು.

ರೈಲಿನಲ್ಲಿ ನಿಂತೇ ಆಕೆಗೆ ಅಭ್ಯಾಸ ಮಾಡಿಸುವನು. “ಸಿಸ್ಟರ್, ನಿನ್ನೆಯಿಂದ ಹೊಟ್ಟಿ ತೊಳಸ್ಲಾಕತ್ತದ...” ಎಂದು ಮುಖ ಕಿವಿಚಿದರೆ ಪಕ್ಕದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುವರು! ಒಮ್ಮೆ ಒಬ್ಬ ಮುದುಕಿ ನಿಜವೆಂದೇ ನಂಬಿ, ಎದ್ದು ಸೀಟು ಬಿಟ್ಟುಕೊಟ್ಟು, ಚೀಲದಿಂದ ಲಿಂಬೆಹಣ್ಣು ತೆಗೆದು ಅವನ ಕೈಗಿತ್ತಳು. ಅವನು ಇಳಿಯುವ ತನಕ ಆ ಲಿಂಬೆಹಣ್ಣು ಮೂಸುತ್ತಲೇ ಕೂರಬೇಕಾಯಿತು. ಶಿವಗಂಗಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ತೀರ್ಮಾನ ಹೇಳ್ರಿ ಸಿಸ್ಟರ್.”

“ಅಪೆಂಡಿಕ್ಸ್... ಇರಬಹುದೇನ್ರಿ?”

“ನನ್ನ ಕೇಳಿದ್ರ? ನಾ ರೋಗಿ! ನನಗೇನ್ ಗೊತ್ತು?”

ಹೀಗೆ ಆಕೆಯ ಮಾತಿನ ಕೊನೆಯಿಂದ ಆ ‘ಇರಬಹುದೇನ್ರಿ’ ಸವೆಯುತ್ತ ಬಂತು. ಅದರ ಜಾಗದಲ್ಲಿ ಇನ್ನೇನೋ ಬೆಳೆಯುತ್ತಿರುವುದು ಆಕೆಗೂ ತಿಳಿಯುತ್ತಿತ್ತು. ಶುಕ್ರವಾರ ಸಂಜೆಯೇ ನಾಳೆ ಯಾವ ಸೀರೆ ಅಂತ ಕಪಾಟಿನ ಮುಂದೆ ನಿಲ್ಲುವುದೆಂದರೇನು! ಮದುವೆಯ ಮಾತನ್ನು ಅವ್ವ ಶಂಕ್ರಮ್ಮ ಇನ್ನೂ ಕೈಬಿಟ್ಟಿರಲಿಲ್ಲ, ಇವಳು ಇನ್ನೂ ಕೈಗೆತ್ತಿಕೊಂಡಿರಲಿಲ್ಲ. ಅಷ್ಟೇ.

ಒಂದು ಶನಿವಾರ, ಮಿಯಾಪುರದಲ್ಲಿ ಇಳಿದಾಗ, ಆಕೆ ಅಭ್ಯಾಸಕ್ಕೆಂದು ಹಿಡಿದಿದ್ದ ಕೈಯನ್ನು ಬಿಡಿಸಿಕೊಳ್ಳದೆ ಅವನು ತಗ್ಗಿದ ದನಿಯಲ್ಲಿ ಹೇಳಿದ.

“ನೀವು ಕೈ ಹಿಡದ್ರ... ನೋವು ಎಲ್ಲಿತ್ತು ಅನ್ನೋದೇ ಮರ್ತು ಹೋಗ್ತದ್ರಿ.”

ಆಕೆಗೆ ಮನೆಯ ತನಕ ಕಾಲು ನೆಲಕ್ಕೆ ತಾಗಿದ ನೆನಪೂ ಇಲ್ಲ.

ಆ ಸುಖ ನಾಲ್ಕೇ ದಿನ.

ಬುಧವಾರ ಸಂಜೆ ಅವ್ವ ಟಿವಿ ಮುಂದೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಸೀರಿಯಲ್ಲಿನ ನಾಯಕ ಆಸ್ಪತ್ರೆಯ ಮಂಚದ ಮೇಲಿದ್ದ. ನಾಯಕಿಯ ಕಣ್ಣಲ್ಲಿ ನೀರು.

“ನೀನು ಕೈ ಹಿಡಿದರೆ... ನೋವು ಎಲ್ಲಿತ್ತು ಅನ್ನೋದೇ ಮರೆತುಹೋಗುತ್ತೆ.”

ಅದೇ ಮಾತು. ಅದೇ... ಮಿಲಿಂದನ ದನಿ!

“ಎಷ್ಟ್ ಚಂದ ಅಂದ ನೋಡವಾ!” ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶಿವಗಂಗಾ ಎದ್ದು ಟಿವಿ ಆರಿಸಿಬಿಟ್ಟಳು.

“ಏ! ಅಂವ ಬದುಕತಾನೋ ಇಲ್ಲೋ ಅನ್ನೂದರ ನೋಡಾಕ ಬಿಡ!”

“ಅಂವಗೇನೂ ಆಗಿಲ್ಲ ಬಿಡಬೇ! ಬರೇ ನಾಟಕ!”

ಹೌದು, ಬರೀ ನಾಟಕ. ಯಾವುದೋ ಸೀರಿಯಲ್ಲಿಗೆ ಹೇಳಿದ ಮಾತನ್ನೇ ತನಗೂ ಹೇಳಿದ. ತಾನೋ, ಹದಿನೆಂಟರ ಹುಡುಗಿಯ ಹಾಗೆ... ಛೇ!

ಮುಂದಿನ ಶನಿವಾರದಿಂದ ಆಕೆ ಹೆಂಗಸರ ಬೋಗಿಯ ಕಡೆ ನಡೆದಳು. ಅವನ ಮೆಸೇಜುಗಳಿಗೆಲ್ಲ ಒಂದೇ ಉತ್ತರ: ‘ಓದೋದು ಐತಿ.’ ಒಮ್ಮೆ ಅವನು ಕಾಲೇಜಿನ ಗೇಟಿನಲ್ಲಿ ತಡೆದು, “ಏನಾಯ್ತ್ರಿ? ನಾ ಏನರೆ ತಪ್ಪು ಮಾಡೀನೇನು?” ಎಂದು ಕೇಳಿದ. ಆಕೆ ತಲೆಯಾಡಿಸಿ ಮುಂದೆ ಹೋದಳು. ಅವನ ಮುಖ ಬಾಡಿದ್ದು ಕಂಡಿತು. ಅದೂ ನಟನೆಯೇ ಇರಬೇಕು ಅಂದುಕೊಂಡಳು. ಅಂದುಕೊಂಡಷ್ಟು ಸುಲಭವಾಗಿ ನಿದ್ದೆ ಮಾತ್ರ ಬರಲಿಲ್ಲ.

ಕೊನೆಯ ಪರೀಕ್ಷೆಯ ದಿನ ಬಂತು. ಶಿವಗಂಗಾ ಪರದೆ ಸರಿಸಿ ಒಳಗೆ ಹೋದಳು.

ಮಂಚದ ಮೇಲೆ ಮಿಲಿಂದ!

ಅವನು ಗುರುತಿನ ಒಂದು ಎಳೆಯನ್ನೂ ತೋರಿಸಲಿಲ್ಲ. ಅರೆಮುಚ್ಚಿದ ಕಣ್ಣು, ತೊದಲುವ ದನಿ. “ತಲಿ ತಿರಗ್ಲಾಕತ್ತದ... ಕಣ್ಣು ಕತ್ತಲಾಗ್ಲಾಕತ್ತದ...”

ಬೇರೆ ಊರಿನಿಂದ ಬಂದ ಪರೀಕ್ಷಕರು ಪೆನ್ನು ಹಿಡಿದು ಕಾಯುತ್ತಿದ್ದರು. ಶಿವಗಂಗಾ ದೀರ್ಘವಾಗಿ ಉಸಿರೆಳೆದು ಅವನ ಮಣಿಕಟ್ಟು ಹಿಡಿದಳು.

ಬೆರಳ ತುದಿಯಲ್ಲಿ ನಾಡಿ... ಅಬ್ಬಾ! ಕುದುರೆ ಓಡಿದಂತೆ ಓಡುತ್ತಿತ್ತು!

“ನಾಡಿ ನಿಮಿಷಕ್ಕೆ ಮೂವತ್ತೆಂಟು,” ಪರೀಕ್ಷಕರು ಚೀಟಿ ಮುಂದಿಟ್ಟರು. ಇಲ್ಲಿನ ನಿಯಮವೇ ಅದು. ನಟನ ಮೈಯಲ್ಲಿ ರೋಗವಿಲ್ಲವಲ್ಲ, ಹಾಗಾಗಿ ಚೀಟಿಯಲ್ಲಿದ್ದುದೇ ಸತ್ಯ. “ಬಿಪಿಯೂ ತೀರಾ ಕಡಿಮೆ.”

ಆಕೆ ಆ ಓಡುವ ನಾಡಿಯನ್ನು ಮನಸ್ಸಿನ ಒಂದು ಮೂಲೆಯಲ್ಲಿ ಎತ್ತಿಟ್ಟಳು. ಇಸಿಜಿ ನೋಡಿದಳು. ತಲೆ ಎತ್ತಿದಳು.

“ಹೃದಯದ ಬಡಿತ ತುಂಬಾ ನಿಧಾನವಾಗಿದೆ, ಬಡಿತದ ಸಂಕೇತಕ್ಕೇ ಬ್ಲಾಕ್ ಇದೆ. ಬಡಿತ ಹೆಚ್ಚಿಸೋಕೆ ಈಗಲೇ ಅಟ್ರೋಪಿನ್ ಕೊಡ್ತೀನಿ. ಅದು ಸಾಲದಿದ್ದರೆ ಹೊರಗಿನಿಂದ ವಿದ್ಯುತ್ ಕೊಟ್ಟು ಬಡಿತ ನಡೆಸೋಕೆ ಪೇಸಿಂಗ್ ಮೆಷಿನ್ ಹಚ್ಚಿ ಸಿದ್ಧ ಇಡ್ತೀನಿ. ಡಾಕ್ಟರಿಗೆ ಫೋನ್ ಮಾಡಿ ನನ್ನ ತೀರ್ಮಾನ ತಿಳಿಸ್ತೀನಿ.”

“ಅವರು ಒಪ್ಪದಿದ್ದರೆ?”

“ಯಾಕೆ ಅಂತ ಕೇಳ್ತೀನಿ ಸರ್. ಅಷ್ಟರಲ್ಲಿ ಮೊದಲ ಡೋಸ್ ಒಳಗೆ ಹೋಗಿರುತ್ತೆ.”

ಪರೀಕ್ಷಕರ ಮೀಸೆಯ ಅಂಚಿನಲ್ಲಿ ನಗು ಸುಳಿಯಿತು. ರೋಗಿಯ ಮುಚ್ಚಿದ ರೆಪ್ಪೆಯ ತುದಿ ಒದ್ದೆಯಾಗಿತ್ತು.

“ಪಾಸ್ ಅಂತ ನಾನು ಹೇಳೋ ಹಾಗಿಲ್ಲ,” ಹೊರಗೆ ಸ್ನೇಹಲತಾ ಮೇಡಂ ಕಿವಿಯಲ್ಲಿ ಉಸುರಿದರು. “ಆದರೆ ನಾಳೆ ಸ್ವೀಟ್ ತರದೆ ಬಂದರೆ ನೋಡು!”

ಶಿವಗಂಗಾ ನಕ್ಕಳು. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ಒಂದು ವಿಷಯ ಆಕೆಯನ್ನು ಚುಚ್ಚುತ್ತಿತ್ತು. ರೋಗಿಯ ವಿಷಯದಲ್ಲಿ ತೀರ್ಮಾನಕ್ಕೆ ಹೆದರುತ್ತಿದ್ದ ತಾನು, ಇವನ ವಿಷಯದಲ್ಲಿ ಒಂದು ಮಾತೂ ಕೇಳದೆ ತೀರ್ಮಾನ ಮಾಡಿಬಿಟ್ಟೆನಲ್ಲ! ಪರೀಕ್ಷೆಯನ್ನೇ ಮಾಡದೆ!

ಸಂಜೆ ಮೆಟ್ರೊ ಮೆಟ್ಟಿಲ ಬುಡದಲ್ಲಿ ಅವನು ಸಿಕ್ಕ. ಬಗಲಲ್ಲಿ ಚೀಲ, ತಗ್ಗಿದ ತಲೆ.

“ಕೈ ಕೊಡ್ರಿ,” ಅಂದಳು.

“ಆಂ?”

“ಕೈ ಕೊಡ್ರಿ ಅಂದೆ.” ಮಣಿಕಟ್ಟು ಹಿಡಿದಳು. ಅದೇ ಓಟ! “ಜ್ವರ ಐತೇನು?”

“ಇಲ್ರಿ.”

“ಚಹಾ ಭಾಳ ಕುಡಿದೀರೇನು?”

“ಮುಂಜಾನಿಯಿಂದ ಒಂದೂ ಇಳಿದಿಲ್ರಿ.”

“ಓಡಿ ಬಂದ್ರೇನು?”

“ಇಲ್ರಿ. ಪರೀಕ್ಷ್ಯಾಗಂತೂ ಮಲಕೊಂಡೇ ಇದ್ನಲ್ರಿ, ನಿಮ್ಮ ಮುಂದೇ...”

“ಮತ್ತ ಆ ಸೀರಿಯಲ್ಲಿನ ಮಾತು? ನೋವು ಎಲ್ಲಿತ್ತು ಅನ್ನೋದೇ ಮರೀತೀನಿ ಅಂತ ಆಕೀಗೂ ಅಂದ್ರಿ, ನನಗೂ ಅಂದ್ರಿ.”

ಮಿಲಿಂದ ಹಣೆ ಹಣೆ ಬಡಿದುಕೊಂಡ.

“ಇದಕ್ಕೇನ್ರಿ ಇಷ್ಟು ದಿನ...! ತೆಲುಗಿನಾಗ ಆ ಹೀರೋ ಏನಂತಾನ ಗೊತ್ತೇನು? ‘ಡಾಕ್ಟರಿಗೆ ಫೋನ್ ಮಾಡು’ ಅಂತಾನ, ಅಷ್ಟೇ! ಮೊದಲನೇ ಸಲ ನೀವು ನನ್ನ ಕೈ ಹಿಡಿದ್ರಲ್ಲ, ಅವತ್ತೇ ಆ ಮಾತು ನನ್ನ ಬಾಯಾಗ ಬಂದಿತ್ತು. ನಿಮ್ಮ ಮುಂದ ಅನ್ಲಿಕ್ಕಿ ಧೈರ್ಯ ಆಗಲಿಲ್ಲ. ಆ ಹೀರೋನ ಬಾಯಾಗ ಇಟ್ಟೆ. ತುಟಿಗಿ ಮಾತು ಕೂಡವಲ್ದು ಅಂತ ಸ್ಟುಡಿಯೋದಾಗ ಬೈಸಿಕೊಂಡೆ! ಅಂವ ಅಂದಿದ್ದು ಕೇಳಿ ಕೇಳಿ ಆಮ್ಯಾಲೆ ನನಗೂ ಧೈರ್ಯ ಬಂತು...”

ಶಿವಗಂಗಾಳಿಗೆ ನಗು, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು.

“ಇನ್ನೊಂದು ಪ್ರಶ್ನೆ. ಮಿಯಾಪುರದಾಗ ನಿಮಗ ಏನು ಕೆಲಸ?”

ಅವನು ನೆಲ ನೋಡಿದ.

“ಏನೂ ಇಲ್ರಿ. ನೀವು ಇಳಿದು ಹೋದಮ್ಯಾಲ ಅದೇ ರೈಲಿನಾಗ ವಾಪಸ್ ಬರ್ತಿದ್ದೆ.”

ಗಡಿಬಿಡಿಯ ಜನ ಇಬ್ಬರ ಅಕ್ಕಪಕ್ಕದಿಂದ ಹರಿದು ಹೋಗುತ್ತಿದ್ದರು. ಆಕೆ ಅವನ ಕೈ ಬಿಡಲಿಲ್ಲ.

“ಕಣ್ಣೀರು ತರಿಸಬಹುದು, ದನಿ ನಡುಗಿಸಬಹುದು. ನಾಡಿ ಹಿಂಗ ಓಡಿಸಾಕ ಯಾವ ನಟಗೂ ಬರಂಗಿಲ್ಲ. ತೀರ್ಮಾನ ಹೇಳ್ಲೇನು?”

“ಡಾಕ್ಟರಿಗೆ ತಿಳಸಂಗಿಲ್ಲೇನ್ರಿ ಸಿಸ್ಟರ್?”

“ಮೊದಲು ಆ ಸಿಸ್ಟರ್ ಅನ್ನೂದು ಬಿಡ್ರಿ. ಇದ್ರಾಗ ಯಾರನ್ನೂ ಕೇಳಂಗಿಲ್ಲ ನಾ.” ಆಕೆ ತಲೆ ಎತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. “ನಿಮಗ ನನ್ನ ಮ್ಯಾಲೆ ಪ್ರೀತಿ ಐತಿ. ನನಗೂ ಐತಿ.”

ಮಾತನ್ನೇ ಉಂಡು ಬದುಕುವ ಮನುಷ್ಯನ ಬಾಯಿಂದ ಬಂದದ್ದು ಒಂದೇ ಹೆಸರು.

“ಗಂಗಾ...”

“ಹ್ಞೂಂ.”

“ನಿಮ್ಮ ಅವ್ವ ಏನಂತಾರೋ?”

“ಆ ಸೀರಿಯಲ್ ಹುಡುಗ ಬದುಕಿದ ಅಂತ ಸಕ್ಕರಿ ಹಂಚತಾಳ, ನೋಡ್ತಿರ್ರಿ!”

ಇಬ್ಬರೂ ನಗುತ್ತ ಮೆಟ್ಟಿಲು ಹತ್ತಿದರು. ಮೇಲೆ ಹೋದ ಮೇಲೆ ಅವನು ಅಭ್ಯಾಸದಂತೆ ಮಿಯಾಪುರದ ಕಡೆಗೆ ತಿರುಗಿದ. ಆಕೆ ಮಾತ್ರ ದಿಲ್‌ಸುಖ್‌ನಗರದ ರೈಲು ಬರುವ ಕಡೆಗೆ ಹೊರಟಿದ್ದಳು.

“ಎಲ್ಲಿಗ್ರಿ? ನಿಮ್ಮ ಮನಿ ಈ ಕಡಿ ಅದ!”

ಶಿವಗಂಗಾ ತಿರುಗಿ ನೋಡಿ ಕೈ ಚಾಚಿದಳು.

“ಗೊತ್ತೈತಿ. ಇವತ್ತ ನಂಗ ಆ ಕಡಿ ಒಂದಿಷ್ಟು ಕೆಲಸ ಐತ್ರಿ.”