ಅಣ್ಣನ ಬಾರ್ಲಿ ಚೀಲ

ತಲೆಯಲ್ಲಿ ಬಿಳಿಕೂದಲು ಇಣುಕಿದ್ದರೂ ಅಣ್ಣನ ಬಾಯಲ್ಲಿ ಅವನಿನ್ನೂ ‘ಪುಟ್ಟ’ನೇ. ಹಿಟ್ಟಿನ ಗಿರಣಿಗೆ ಬಂದವರ ಎದುರಿಗೂ ಅದೇ. ಪುಟ್ಟ, ಬೆಲ್ಟ್ ಬಿಗಿ ಮಾಡು. ಪುಟ್ಟ, ಟೀಚರಮ್ಮನ ಡಬ್ಬ ಮೊದಲು ನೋಡು. ಅದನ್ನೆಲ್ಲ ಅವನು ನುಂಗಿಕೊಂಡಿದ್ದ. ನುಂಗಲಾಗದೆ ಉಳಿದದ್ದು ಕಳೆದ ವಾರದ ಮಾತು. ಗಲ್ಲಾದ ಹಿಂದೆ ಕೂತು ಹಲ್ಲುಕಡ್ಡಿ ಆಡಿಸುತ್ತ ಅಣ್ಣ ಹೇಳಿದ್ದ: ನನಗಿನ್ನು ಆಗುವುದಿಲ್ಲ, ಎದೆ ಹಿಡಿದುಕೊಳ್ಳುತ್ತದೆ, ಬರುವ ತಿಂಗಳಿಂದ ಅಕ್ಕನ ಗಂಡ ಬಂದು ಗಲ್ಲಾದಲ್ಲಿ ಕೂರುತ್ತಾನೆ, ಗಿರಣಿಯ ಕಾಗದವನ್ನೂ ಅವನ ಹೆಸರಿಗೇ ಮಾಡಿಸಿಬಿಡುತ್ತೇನೆ.

“ಮತ್ತೆ ನಾನು?”

“ನೀನು ಕಲ್ಲಿನ ಹತ್ರಾನೇ ಇರು ಪುಟ್ಟ. ನಿನಗೆ ಕಲ್ಲು ಗೊತ್ತು, ಜನ ಗೊತ್ತಿಲ್ಲ.”

ಅವನು ಹೋಗಿ ಕಲ್ಲಿನ ಪಕ್ಕ ನಿಂತ. ಓಡುತ್ತಿದ್ದ ಯಂತ್ರದ ಗದ್ದಲದಲ್ಲಿ ಆ ಯೋಚನೆ ಮೊದಲ ಸಲ ಬಂದದ್ದು ಆಗಲೇ. ಬಂದ ಕೂಡಲೇ ಅವನು ಬೆಚ್ಚಿ ಹಿಂದೆ ತಿರುಗಿ ನೋಡಿದ, ಯಾರೋ ಕೇಳಿಸಿಕೊಂಡರೇನೋ ಎಂಬಂತೆ.

ಅಣ್ಣ ಹೆಂಡತಿಯನ್ನು ಕಳೆದುಕೊಂಡವನು, ಮಕ್ಕಳಿಲ್ಲ. ಗಿರಣಿಯ ಹಿಂದಿನ ಮನೆಯ ಮಹಡಿಯಲ್ಲಿ ಒಬ್ಬನೇ ಇರುತ್ತಾನೆ. ಕೆಳಗೆ ತಮ್ಮ, ತಮ್ಮನ ಹೆಂಡತಿ, ಶಾಲೆಗೆ ಹೋಗುವ ಮಗಳು. ಸಕ್ಕರೆ ಕಾಯಿಲೆ ಬಂದಾಗಿನಿಂದ ಅಣ್ಣನಿಗೆ ಬಾರ್ಲಿ ರೊಟ್ಟಿಯೇ ಗತಿ. ಸಂಜೆ ಒಲೆ ಹಚ್ಚಿ ತಾನೇ ತಟ್ಟಿ ಬೇಯಿಸಿಕೊಳ್ಳುತ್ತಾನೆ. ಒಮ್ಮೆ ಮಗಳು ಒಂದು ಚೂರು ಬಾಯಿಗಿಟ್ಟು, ದೊಡ್ಡಪ್ಪಾ ಇದು ರೊಟ್ಟಿನಾ ರಟ್ಟಾ ಎಂದು ಕೇಳಿದ್ದಳು. ಅಂದಿನಿಂದ ಅದನ್ನು ಬೇರೆ ಯಾರೂ ಮುಟ್ಟಿಲ್ಲ.

ಯೋಜನೆಗೆ ಇಷ್ಟು ಸಾಕಾಗಿತ್ತು. ಇಡೀ ಮನೆಯಲ್ಲಿ ಒಬ್ಬನೇ ತಿನ್ನುವ ಹಿಟ್ಟು; ತಿನ್ನುವವನ ಎದೆ ಯಾವಾಗ ಬೇಕಾದರೂ ನಿಲ್ಲಬಹುದೆಂದು ಡಾಕ್ಟರೇ ಹೇಳಿದ್ದಾರೆ. ದಾಸ್ತಾನು ಕೋಣೆಯಲ್ಲಿ ಇಲಿಗೆಂದು ತಂದ, ಬಣ್ಣವಿಲ್ಲದ, ವಾಸನೆಯಿಲ್ಲದ ಪುಡಿಯೂ ಇತ್ತು. ಅದನ್ನು ಹಿಟ್ಟಿಗೆ ಬೆರೆಸುವಂತಿರಲಿಲ್ಲ. ಅಣ್ಣ ಬಿಸಿ ಹಿಟ್ಟನ್ನು ಕಲ್ಲಿನ ಬಾಯಿಂದಲೇ ಹಿಡಿದು, ಬೆರಳಲ್ಲಿ ತಿಕ್ಕಿ ನೋಡಿ, ಚೀಲದ ಬಾಯಿ ತಾನೇ ಕಟ್ಟಿ, ಬೀರುವಿನಲ್ಲಿಟ್ಟು ಬೀಗ ಹಾಕುವವನು. ಗೋಣಿಯ ದಾರವನ್ನೂ ಬಿಸಾಡದೆ ಗಂಟು ಹಾಕಿ ಎತ್ತಿಡುವ ಮನುಷ್ಯ. ಅವನ ಕಣ್ಣಿಗೆ ಒಂದು ಕಣವೂ ತಪ್ಪುವುದಿಲ್ಲ. ಹಾಗಾಗಿ ಕಾಳಿನಲ್ಲೇ ಬೆರೆಯಬೇಕು, ಕಾಳಿನ ಜೊತೆಗೇ ನುಣ್ಣಗಾಗಬೇಕು.

ಬೇರೆಯವನಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿದ್ದ. ಬೀಸುವ ಕಲ್ಲು ತಾನು ಬೀಸಿದ್ದನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ; ಒಂದು ಹಿಡಿಯನ್ನು ಸಂದಿಯಲ್ಲಿ ಹಿಡಿದಿಟ್ಟುಕೊಂಡು ಮುಂದಿನವರ ಹಿಟ್ಟಿಗೆ ಸೇರಿಸುತ್ತದೆ. ಅದಕ್ಕೇ ಕಾಳು ಬದಲಾದಾಗಲೆಲ್ಲ ಒಂದು ಬೊಗಸೆ ಗಿರಣಿಯ ಗೋಧಿ ಸುರಿದು ಕಲ್ಲು ತೊಳೆಯುತ್ತಾರೆ. ಆ ಹಿಟ್ಟು ಪಕ್ಕದ ತಗಡಿನ ಡಬ್ಬಕ್ಕೆ ಬೀಳುತ್ತದೆ. ಡಬ್ಬ ಸಂಜೆಗೆ ಯಾವತ್ತೂ ಖಾಲಿ. ಕಸ ಗುಡಿಸುವಾಕೆ ಹಿಂದಿನ ಚರಂಡಿಗೆ ಚೆಲ್ಲುತ್ತಾಳೆಂದು ಅವನ ಎಣಿಕೆ. ಈ ಸಲ ಅದನ್ನೂ ಯಾರ ಕೈಗೂ ಬಿಡುವುದಿಲ್ಲ, ತಾನೇ ಚೆಲ್ಲುತ್ತೇನೆ ಎಂದುಕೊಂಡ. ಊರಿನವರು ಯಾರೂ ಸಾಯಬಾರದು. ಅವನೇನು ಕೊಲೆಗಡುಕನೇ?

ಬಾರ್ಲಿ ಬೀಸುವ ಹಿಂದಿನ ಸಂಜೆ ಊಟಕ್ಕೆ ಕೂತಾಗ ತುತ್ತನ್ನು ತಟ್ಟೆಯಲ್ಲೇ ಹೊರಳಿಸುತ್ತಿದ್ದ. ಹೆಂಡತಿಗೆ ಅನುಮಾನ ಬರಬಾರದೆಂದು ಎಂದಿನ ತಮಾಷೆಯನ್ನೇ ಎತ್ತಿದ. ಮದುವೆಯಾದಂದಿನಿಂದ ಅದೊಂದು ಮನೆಯ ನಗೆ: ಅವಳ ರೊಟ್ಟಿ ಇವತ್ತು ಹತ್ತಿಯ ಹಾಗಿದ್ದರೆ ನಾಳೆ ತರಿತರಿ, ನಾಡಿದ್ದು ಇನ್ನೊಂದು ಬಣ್ಣ.

“ನಿನ್ನ ಕೈಗೆ ಒಂದು ಗೊತ್ತುಗುರಿ ಅಂತ ಇಲ್ವಲ್ಲೇ.”

“ಹಿಟ್ಟು ಬೀಸೋರನ್ನ ಕೇಳಿ,” ಅಂದಳು ಅವಳು, ತಲೆಯೆತ್ತದೆ.

ಮಗಳು ನಕ್ಕಳು. ಅವನೂ ನಕ್ಕ.

ಬೆಳಿಗ್ಗೆ ಅಣ್ಣ ಬಾರ್ಲಿ ಚೀಲ ತಂದು ಕಲ್ಲಿನ ಪಕ್ಕ ಇಟ್ಟು, ವಾಡಿಕೆಯಂತೆ ಗಲ್ಲಾದ ಬೀಗ ತೆಗೆಯಲು ಹೋದ. ಆ ಸಣ್ಣ ಬಿಡುವೇ ಅವನಿಗೆ ಬೇಕಾಗಿದ್ದದ್ದು. ಮೂಗಿಗೆ ಬಟ್ಟೆ ಕಟ್ಟಿಕೊಂಡ. ಗಿರಣಿಯಲ್ಲಿ ಅದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಅಂಗಿಯ ಒಳಗಿನ ಪೊಟ್ಟಣ ಬಿಚ್ಚಿ ಪುಡಿಯನ್ನು ಕಾಳಿಗೆ ಬೆರೆಸಿದ. ಕಾಳನ್ನು ತೊಟ್ಟಿಗೆ ಸುರಿದು ಯಂತ್ರ ಹಾಕಿದ. ಅಷ್ಟರಲ್ಲಿ ಅಣ್ಣ ಬಂದು ಚೀಲ ಹಿಡಿದು ನಿಂತ. ಹಿಟ್ಟು ಇಳಿಯಿತು. ಅಣ್ಣ ಬೆರಳಲ್ಲಿ ತಿಕ್ಕಿದ.

“ಇವತ್ತು ನುಣ್ಣಗೆ ಬಂದಿದೆ ಪುಟ್ಟ,” ಅಂದ ಅಣ್ಣ, ಚೀಲ ಕಟ್ಟಿಕೊಂಡು ಮಹಡಿ ಹತ್ತಿದ.

ಈಗ ಕಲ್ಲು ತೊಳೆಯಬೇಕು. ಒಂದು ಬೊಗಸೆ ಸುರಿದ. ಮನಸ್ಸು ಒಪ್ಪಲಿಲ್ಲ, ಇನ್ನೊಂದು ಸುರಿದ. ಸರದಿಯಲ್ಲಿ ನಿಂತಿದ್ದ ಟೀಚರಮ್ಮನ ಡಬ್ಬ ಕಣ್ಣಿಗೆ ಬಿತ್ತು, ಅವರ ಮನೆಯ ಮುದುಕಿ ನೆನಪಾದಳು. ಮತ್ತೆ ಬೊಗಸೆ, ಮತ್ತೆ ಬೊಗಸೆ.

“ಇವತ್ತು ಕಲ್ಲಿಗೆ ಅಭ್ಯಂಜನ ಸ್ನಾನಾನೇ ಮಾಡಿಸ್ತಿದ್ದೀರಲ್ಲ,” ಎಂದರು ಟೀಚರಮ್ಮ.

ಬಾರ್ಲಿಯ ವಾಸನೆ ನಿಮ್ಮ ಗೋಧಿಗೆ ಬರಬಾರದಲ್ಲ ಟೀಚರೇ ಎಂದ. ಅವರಿಗೆ ಖುಷಿಯಾಯಿತು. ಇಷ್ಟು ನಿಯತ್ತಿನ ಗಿರಣಿ ಸುತ್ತ ಎಲ್ಲೂ ಇಲ್ಲ ಎಂದರು.

ತಗಡಿನ ಡಬ್ಬ ಅರ್ಧಕ್ಕಿಂತ ಮೇಲೆ ತುಂಬಿತ್ತು. ಸರದಿಯ ಡಬ್ಬಗಳನ್ನೆಲ್ಲ ಬೀಸಿ ಮುಗಿಸಿ, ಅದನ್ನೆತ್ತಿಕೊಂಡು ಚರಂಡಿಯ ಕಡೆ ಹೊರಡಬೇಕು ಅನ್ನುವಷ್ಟರಲ್ಲಿ ಗಲ್ಲಾದಿಂದ ಅಣ್ಣನ ಕೂಗು ಬಂತು. ಅಕ್ಕನ ಗಂಡ ಬಂದಿದ್ದ, ಇಸ್ತ್ರಿ ಅಂಗಿ ಹಾಕಿಕೊಂಡು. ನಿಂತು ನಗಬೇಕಾಯಿತು, ಕ್ಷೇಮ ವಿಚಾರಿಸಬೇಕಾಯಿತು. ಹೊಸ ಬೆಲ್ಟ್ ತರುವ ನೆಪದಲ್ಲಿ ಪಕ್ಕದ ಪೇಟೆಗೆ ಹೋಗಿ ದಿನವಿಡೀ ದೂರ ಇರುವುದೆಂದು ಅವನೇ ಹೂಡಿಟ್ಟಿದ್ದ. ಬಸ್ಸು ಆಗಲೇ ಹೊರಗೆ ಹಾರ್ನ್ ಮಾಡುತ್ತಿತ್ತು. ಅದು ತಪ್ಪಿದರೆ ಎಲ್ಲ ತಪ್ಪಿತು. ಡಬ್ಬದ ಕಡೆ ನೋಡಿದ. ಹೇಗೂ ಚರಂಡಿಗೆ ಹೋಗುವಂಥದ್ದೇ, ತಾನು ಚೆಲ್ಲಿದರೇನು, ಕಸದಾಕೆ ಚೆಲ್ಲಿದರೇನು. ಓಡಿಹೋಗಿ ಬಸ್ಸು ಹತ್ತಿದ.

ಆದರೂ ಪೇಟೆಯಲ್ಲಿ ಇಡೀ ದಿನ ಆ ಡಬ್ಬ ಕಣ್ಣಮುಂದಿನಿಂದ ಕದಲಲಿಲ್ಲ. ಅಂಗಡಿಯವನು ಬೆಲ್ಟಿನ ಅಳತೆ ಕೇಳಿದರೆ ತಪ್ಪು ಹೇಳಿದ. ಹೊತ್ತು ಇಳಿಯುವಾಗ ಊರಿಗೆ ಬಂದವನು ಮನೆಗೆ ಹೋಗದೆ ನೇರ ಗಿರಣಿಗೇ ಹೋದ. ಡಬ್ಬ ಖಾಲಿಯಾಗಿತ್ತು, ಒರೆಸಿ ಬೋರಲು ಹಾಕಿತ್ತು. ಕಸದಾಕೆ ಚೆಲ್ಲಿದ್ದಾಳೆ ಎಂದುಕೊಂಡು ಅವನು ಮನೆಯ ಕಡೆ ನಡೆದ.

ಮನೆಯಲ್ಲಿ ಊಟಕ್ಕೆ ಹಾಕಿಯಾಗಿತ್ತು. ಮಗಳು ಹಸಿವು ತಾಳದೆ ಮೊದಲೇ ಕೂತು ಉಣ್ಣುತ್ತಿದ್ದಳು. ಅವನು ಕೈತೊಳೆದು ಕೂತ. ಕಿವಿ ಮಾತ್ರ ಮಹಡಿಯ ಮೇಲಿತ್ತು. ಒಲೆಗೆ ಬೆಂಕಿ ಹಚ್ಚಿದ ಸದ್ದು, ಪಾತ್ರೆ ಎಳೆದ ಸದ್ದು, ಆಮೇಲೆ ಮೌನ. ಎಷ್ಟು ಹೊತ್ತು! ಇನ್ನೇನು ತಾನೇ ಎದ್ದು ಹೋಗಿ ನೋಡಬೇಕು ಅನ್ನಿಸುವಷ್ಟರಲ್ಲಿ ಪಟ್, ಪಟ್ ಎಂದು ಅಣ್ಣ ರೊಟ್ಟಿ ತಟ್ಟುವುದು ಕೇಳಿಸಿತು. ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದ ಹಾಗಾಯಿತು. ಇನ್ನು ಅವನು ಮಾಡಬೇಕಾದದ್ದು ಏನೂ ಇಲ್ಲ. ಇದ್ದಕ್ಕಿದ್ದಂತೆ ಹೊಟ್ಟೆ ಹಸಿಯಿತು. ಒಂದು ರೊಟ್ಟಿ ಪೂರ್ತಿ ತಿಂದು ಇನ್ನೊಂದಕ್ಕೆ ಕೈಹಾಕಿದ.

“ಇವತ್ತು ಚೆನ್ನಾಗಿ ಬಂದಿದೆ ಕಣೇ. ಹಿಟ್ಟು ಎಲ್ಲೀದು?”

“ಎಲ್ಲೀದು ಅಂದ್ರೆ? ಎಂದಿನದೇ. ಕಲ್ಲು ತೊಳೆದ ಹಿಟ್ಟು,” ಎಂದಳು ಹೆಂಡತಿ, ಮಗಳ ತಟ್ಟೆಗೆ ಮೂರನೆಯದನ್ನು ಹಾಕುತ್ತ. “ನಾನು ಈ ಮನೆಗೆ ಬಂದ ಹೊಸದರಲ್ಲೇ ಭಾವ ಹೇಳಿದ್ರಲ್ಲ, ಒಂದು ಚೂರೂ ಹಾಳಾಗಬಾರದು ಅಂತ. ನಿಮಗೆ ದಿನಾ ಬುತ್ತಿ ತಂದು ವಾಪಸ್ ಬರುವಾಗ ಡಬ್ಬ ಬಗ್ಗಿಸ್ಕೊಂಡು ಬರ್ತೀನಿ. ಇವತ್ತು ನೀವಿಲ್ದಿದ್ರೂ ಅದಕ್ಕಂತಲೇ ಹೋಗಿದ್ದೆ. ನೋಡಿ, ಎಂದೂ ಇಲ್ದಷ್ಟು ಸಿಕ್ತು.”