ಕೊಳದ ಮೀನು ನುಂಗಿದ್ದು ಯಾರು?

"ಸಂಜೆಯೊಳಗೆ ಮನೆ ಖಾಲಿ ಮಾಡು ಅಂದ್ಬಿಟ್ರು ಅಮ್ಮಾ. ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

ನಮ್ಮ ವಸತಿ ಸಮುಚ್ಚಯದ ಮಾಲಿ ಬಾಗಿಲಲ್ಲೇ ನಿಂತು ನನ್ನ ಚಿಕ್ಕಮ್ಮನನ್ನು ಕೇಳುತ್ತಿದ್ದ. ಸೊಳ್ಳೆಮರಿ ತಿನ್ನಲೆಂದು ಅಂಗಳದ ಕೊಳಕ್ಕೆ ಬಿಟ್ಟಿದ್ದ ಪುಟ್ಟ ಮೀನುಗಳಲ್ಲಿ ಒಂದೂ ಉಳಿದಿರಲಿಲ್ಲ. ಮಾಲಿಯೇ ಔಷಧಿ ಸುರಿದು ಕೊಂದನೆಂದು ಕಾರ್ಯದರ್ಶಿ ಸಾರಿಬಿಟ್ಟಿದ್ದರು. ಕೂತರೂ ಸೊಳ್ಳೆ, ನಿಂತರೂ ಸೊಳ್ಳೆ. ನನಗಂತೂ ತಲೆ ಕೆಟ್ಟಿತ್ತು.

ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಚಿಕ್ಕಮ್ಮ ಮಾತ್ರ ಕೊಳದ ಹತ್ತಿರ ಹೋಗಿ ಕಟ್ಟೆಯ ಮೇಲೆ ಆರಾಮಾಗಿ ಕೂತಳು.

"ಬಸವನಹುಳ ತೆವಳ್ತಿದೆ. ಸೊಳ್ಳೆಮರಿ ಕುಣೀತಿವೆ. ಸತ್ತ ಮೀನು ಒಂದೂ ತೇಲ್ತಿಲ್ಲ."

"ಸಂಜೆ ಆಗ್ತಾ ಬಂತು ಚಿಕ್ಕಮ್ಮ!"

"ಕುಣಿದಾಡ್ಬೇಡ, ನಡಿ."

ಗಡುವು ಮುಂದೂಡಿ ಎಂದು ಕೇಳಲು ಕಾರ್ಯದರ್ಶಿಯ ಮನೆಗೆ ಹೋದೆವು. ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಜಾರದ ದೊಡ್ಡ ಗಾಜಿನ ತೊಟ್ಟಿ ಒಣಗಿತ್ತು, ಅದರೊಳಗೆ ಹಳೇ ಪತ್ರಿಕೆಗಳಿದ್ದವು. ಪಕ್ಕದಲ್ಲೊಂದು ಚಮಚ, ಮೈಯೆಲ್ಲ ತಗ್ಗುಬಿದ್ದ ತಗಡಿನ ಡಬ್ಬಿ. ಚಿಕ್ಕಮ್ಮ ಎರಡನ್ನೂ ಎತ್ತಿಕೊಂಡು, "ಎಲ್ಲರೂ ಕೊಳದ ಹತ್ರ ಬನ್ನಿ" ಅಂದಳು.

ಜನ ಕೈಕಾಲು ಕೆರೆದುಕೊಳ್ಳುತ್ತ ಸುತ್ತ ನಿಂತರು.

"ಔಷಧಿ ಬಿದ್ದಿದ್ರೆ ಸೊಳ್ಳೆಮರಿ, ಬಸವನಹುಳ ಎಲ್ಲಾ ಸಾಯ್ಬೇಕಿತ್ತು. ಸೊಳ್ಳೆಮರಿಗಳು ತಿನ್ನೋರಿಲ್ದೆ ಹೆಚ್ಚಿವೆ, ಅಷ್ಟೆ."

"ಮೀನನ್ನ ಯಾರೋ ಕದ್ದಿರಬಹುದಲ್ಲ?" ಎಂದೆ.

"ಕಳ್ಳನ ಬಲೆಯಿಂದ ಒಂದೆರಡಾದ್ರೂ ಮರಿ ತಪ್ಪಿಸ್ಕೊಳ್ಳುತ್ತೆ ಕಣೋ. ಒಂದನ್ನೂ ಬಿಡದೆ ಹುಡುಕೋದು ಹಸಿದ ಹೊಟ್ಟೆ. ದೊಡ್ಡ ಮೀನು ಸಣ್ಣ ಮೀನನ್ನ ನುಂಗುತ್ತೆ ಅನ್ನೋದು ಬರೀ ಗಾದೆ ಅಲ್ಲ."

ಅವಳು ಚಮಚದಿಂದ ಡಬ್ಬಿ ಬಡಿದಳು. ತಾವರೆ ಎಲೆಗಳು ಅಲುಗಿದವು. ಮೊಳದುದ್ದದ ಕಪ್ಪು ಮೀನೊಂದು ಬಾಯಿ ತೆರೆದು ನೇರ ನಮ್ಮೆದುರು ಬಂತು.

"ಗುಂಡಾ!" ಕಾರ್ಯದರ್ಶಿಯ ಬಾಯಿಂದ ತಾನಾಗಿ ಹೊರಟಿತು.

"ಬಡಿದ್ರೆ ಊಟ ಅಂತ ಇದು ನಿಮ್ಮನೆಯಲ್ಲೇ ಕಲಿತಿದ್ದು. ಈ ಕೊಳದಲ್ಲೇ ಬೆಳೆದ ಮೀನಿಗೆ ನಿಮ್ಮ ಡಬ್ಬಿ ಸದ್ದು ಹೇಗೆ ಗೊತ್ತಿರುತ್ತೆ?"

ಅವರ ತಲೆ ತಗ್ಗಿತು. "ತೊಟ್ಟಿ ಸಾಲ್ತಿರಲಿಲ್ಲ. ಕೊಲ್ಲೋಕೆ ಮನಸ್ಸು ಬರ್ಲಿಲ್ಲ, ಇಲ್ಲಿ ತಂದು ಬಿಟ್ಟೆ. ಸೊಳ್ಳೆ ಹೆಚ್ಚಾದ ಮೇಲೆ ಹೇಳೋಕೆ ನಾಚಿಕೆ ಆಯ್ತು, ತಪ್ಪನ್ನ ಈ ಮಾಲಿ ಮೇಲೆ ಹಾಕಿದೆ. ಇವನೆಲ್ಲೂ ಹೋಗೋದು ಬೇಡ."

ನನಗೆ ಮೈಯೆಲ್ಲ ಉರಿಯಿತು. ಮಾಲಿ ಮಾತ್ರ ದನಿ ಏರಿಸಲಿಲ್ಲ.

"ಗುಂಡನಿಗೊಂದು ಮನೆ ಹುಡುಕಿದ್ರಲ್ಲ ಸಾರ್. ನನ್ನ ಮಕ್ಕಳಿಗೆ ಎಲ್ಲಿ ಅಂತ ಯೋಚ್ನೆ ಮಾಡಿದ್ರಾ?"